ಸಂಶೋಧನಾ ಸಂಸ್ಥೆಯ ಆನ್ಯುಯಲ್ ರಿಪೋರ್ಟಲ್ಲಿ ನಿಜವಾಗಿ ನೋಡ್ಬೇಕಾದ್ದೇನು? ಅಲ್ಲಿ ತೀರ್ಮಾನ ತಗೊಳ್ಳೋರು ಯಾರು?

ನಿಮ್ಮ ಪ್ರಶ್ನೆ ನೋಡಿ ಸುಮ್ನೆ ದಾಟ್ಕೊಂಡು ಹೋಗೋಕೆ ಮನಸ್ಸಾಗ್ಲಿಲ್ಲ ಸಾರ್. ಮಗಳು ಎಂಎಸ್ಸಿ ಮುಗಿಸಿ ಬೆಂಗಳೂರಿನ ಐಐಎಸ್‌ಸಿಗೆ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪಿಎಚ್‌ಡಿ ಸೇರ್ತಿದಾಳೆ, ಅವರ ವಾರ್ಷಿಕ ವರದಿ ಇಳಿಸ್ಕೊಂಡು ನೋಡಿದ್ರೆ ರ‍್ಯಾಂಕು, ಅವಾರ್ಡು, ಪೇಪರ್ ಲೆಕ್ಕ ಬಿಟ್ಟು ಏನೂ ತಲೆಗೆ ಹತ್ತಲಿಲ್ಲ, ಇದನ್ನ ಹೇಗೆ ಓದ್ಬೇಕು, ಅಲ್ಲಿ ಕೊನೆ ಮಾತು ಯಾರದ್ದು ಅಂತ ಕೇಳಿದೀರ. ನಾನು ಐಐಎಸ್‌ಸಿಯವನಲ್ಲ. ಬೇರೊಂದು ಸಂಶೋಧನಾ ಸಂಸ್ಥೆಯ ಅಕೌಂಟ್ಸ್ ಸೆಕ್ಷನ್ನಲ್ಲಿ ಪ್ರಾಜೆಕ್ಟ್ ಫೈಲುಗಳನ್ನ ನೋಡ್ಕೊಂಡು 26 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಅದ್ರಲ್ಲಿ ಹನ್ನೊಂದು ವರ್ಷ ಆನ್ಯುಯಲ್ ರಿಪೋರ್ಟಿಗೆ ಮಾಹಿತಿ ಕೂಡಿಸೋ ಕೆಲಸವೂ ನನ್ನ ಟೇಬಲ್ಲಿಗೇ ಬರ್ತಿತ್ತು. ಐಐಎಸ್‌ಸಿ ವಿಷ್ಯ ಊರೆಲ್ಲ ತಿಳಿದಿರೋದನ್ನ ಹೇಳ್ತೀನಿ, ವರದಿ ಓದೋದು ಹೇಗೆ ಅನ್ನೋದನ್ನ ನನ್ನ ಅನುಭವದಿಂದ ಹೇಳ್ತೀನಿ.

ಮೊದ್ಲು ಆ ವರದಿ ಹೇಗೆ ತಯಾರಾಗುತ್ತೆ ಅಂತ ಗೊತ್ತಿರ್ಬೇಕು. ಮಾರ್ಚ್ ಎಂಡ್ ಮುಗೀತಿದ್ದ ಹಾಗೇ ಎಲ್ಲಾ ಡಿಪಾರ್ಟ್‌ಮೆಂಟಿಗೂ ಒಂದು ಸರ್ಕ್ಯುಲರ್ ಹೋಗುತ್ತೆ, ಪೇಪರ್ ಎಷ್ಟು, ಪಿಎಚ್‌ಡಿ ಎಷ್ಟು ಜನಕ್ಕಾಯ್ತು, ಪ್ರಾಜೆಕ್ಟ್ ಎಷ್ಟು ಬಂತು, ಸನ್ಮಾನ ಯಾರ್ಯಾರಿಗೆ ಅಂತ. ಎರಡು ಸಲ ರಿಮೈಂಡರ್ ಹೋಗದೆ ಉತ್ತರ ಬರಲ್ಲ. ಬಂದ ಮೇಲೆ ನೋಡಿದ್ರೆ ಕೆಮಿಸ್ಟ್ರಿ ಮೇಷ್ಟ್ರು ಬಯಾಲಜಿ ಮೇಷ್ಟ್ರು ಸೇರಿ ಬರೆದ ಒಂದೇ ಪೇಪರ್ ಎರಡೂ ಕಡೆ ಪಟ್ಟೀಲಿ ಇರುತ್ತೆ, ಅದನ್ನ ಯಾರಾದ್ರೂ ಕೂತು ತೆಗೀದಿದ್ರೆ ಎರಡು ಅಂತಲೇ ಎಣಿಕೆ ಆಗೋಗುತ್ತೆ. ಆಮೇಲೆ ಆಡಿಟ್ ಆದ ಲೆಕ್ಕಪತ್ರ ಸೇರಿಸಿ, ಆಡಳಿತ ಮಂಡಳಿ ಒಪ್ಪಿ, ಸಚಿವಾಲಯಕ್ಕೆ ಹೋಗಿ, ಪಾರ್ಲಿಮೆಂಟಲ್ಲಿ ಮಂಡನೆ ಆಗೋ ಹೊತ್ತಿಗೆ ಅದ್ರೊಳಗಿನ ಸುದ್ದಿ ಹಳೇದಾಗಿರುತ್ತೆ. ಹಾಗಂತ ಅದು ಸುಳ್ಳಲ್ಲ. ಒಂದು ವರ್ಷದ್ದನ್ನ ಮಾತ್ರ ಓದಿದ್ರೆ ಏನೂ ಗೊತ್ತಾಗಲ್ಲ ಅಷ್ಟೇ. ನಾಲ್ಕೈದು ವರ್ಷದ್ದನ್ನ ಪಕ್ಕಪಕ್ಕ ಇಟ್ಕೊಂಡು ಓದಿ, ಆಗ ಅದು ಮಾತಾಡೋಕೆ ಶುರುಮಾಡುತ್ತೆ.

ರ‍್ಯಾಂಕ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಎನ್‌ಐಆರ್‌ಎಫ್, ಅಂದ್ರೆ ಕೇಂದ್ರ ಸರ್ಕಾರ ಕಾಲೇಜು-ವಿಶ್ವವಿದ್ಯಾಲಯಗಳಿಗೆ ಕೊಡೋ ರ‍್ಯಾಂಕ್ ಪಟ್ಟಿ, 2016ರಲ್ಲಿ ಶುರುವಾದಾಗಿಂದ ವಿಶ್ವವಿದ್ಯಾಲಯಗಳ ಪೈಕಿ ಐಐಎಸ್‌ಸಿ ಮೊದಲನೇ ಸ್ಥಾನ ಬಿಟ್ಟುಕೊಟ್ಟಿಲ್ಲ, ಎಲ್ಲಾ ಥರದ ಸಂಸ್ಥೆ ಸೇರಿಸಿದ ಪಟ್ಟೀಲಿ 2019ರಿಂದ ಐಐಟಿ ಮದ್ರಾಸ್ ಮುಂದೆ ಇದೆ. ವಿಶ್ವವಿದ್ಯಾಲಯಗಳಿಗೆ ಆ ಅಂಕದಲ್ಲಿ 30 ಭಾಗ ಪಾಠ ಮತ್ತೆ ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ಓದಿ ಹೊರಗೆ ಬಂದೋರ ಗತಿಗೆ, 10 ಎಲ್ಲರನ್ನೂ ಒಳಗೊಳ್ಳೋದಕ್ಕೆ, ಇನ್ನು 10 ಜನ ಏನಂತಾರೆ ಅನ್ನೋದಕ್ಕೆ. ನಿಮ್ಮ ಮಗಳ ಗೈಡ್ ಹೇಗಿರ್ತಾರೆ ಅನ್ನೋದಕ್ಕೆ ಇದ್ರಲ್ಲಿ ಜಾಗವೇ ಇಲ್ಲ. ಅದಕ್ಕೇ ಆ ಪುಟ ತಿರುಗಿಸಿ ಮುಂದೆ ಹೋಗಿ.

ದುಡ್ಡಿನ ಪುಟಕ್ಕೆ ಬನ್ನಿ. ಅಲ್ಲಿ ಮೂರು ಮಾತು ಬೇರೆ ಬೇರೆ ಮಾಡ್ಕೊಬೇಕು: ಸ್ಯಾಂಕ್ಷನ್ ಆಗಿದ್ದು, ರಿಲೀಸ್ ಆಗಿದ್ದು, ಖರ್ಚಾಗಿದ್ದು. ಪ್ರಾಜೆಕ್ಟ್ ಸ್ಯಾಂಕ್ಷನ್ ಆದ್ರೆ ದುಡ್ಡು ಬಂತು ಅಂತಲ್ಲ. ಮೊದಲ ಕಂತು ಬರುತ್ತೆ, ಅದನ್ನ ಖರ್ಚು ಮಾಡಿ ಯೂಸಿ, ಅಂದ್ರೆ ಹಣ ಬಳಸಿದ್ದಕ್ಕೆ ಸರ್ಟಿಫಿಕೇಟು, ಕಳಿಸಿದ ಮೇಲೇ ಎರಡನೇ ಕಂತು. ಆ ಯೂಸಿ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಮುಂದಿನದ್ದೆಲ್ಲ ನಿಂತೋಗುತ್ತೆ. ನಮ್ಮಲ್ಲೊಂದು ವರ್ಷ ಹಾಗೇ ಆಯ್ತು, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೇಲಿ ಸಂಕಟ ಆಗುತ್ತೆ. ಹೊರದೇಶದಿಂದ ತರಿಸಿದ ಒಂದು ಮೆಷಿನ್ನು ಕಸ್ಟಮ್ಸಲ್ಲಿ ನಿಂತಿತ್ತು, ಬಿಲ್ ಆಗಿರ್ಲಿಲ್ಲ, ಬಿಲ್ ಆಗದೆ ಯೂಸಿ ಆಗಲ್ಲ, ಯೂಸಿ ಇಲ್ದೆ ಕಂತಿಲ್ಲ, ಆ ಪ್ರಾಜೆಕ್ಟಲ್ಲಿ ಇದ್ದ ಹುಡುಗೀಗೆ ಐದು ತಿಂಗಳು ಸಂಬಳ ಇಲ್ಲ. ಪ್ರತಿ ಸೋಮವಾರ ನನ್ನ ಟೇಬಲ್ ಹತ್ರ ಬಂದು ನಿಂತ್ಕೊಳ್ತಿದ್ಲು, ಏನೂ ಕೇಳ್ತಿರ್ಲಿಲ್ಲ, ನಾನು ತಲೆ ಅಲ್ಲಾಡಿಸಿದ್ರೆ ಸುಮ್ನೆ ಹೋಗೋಳು. ಬೇರೆ ಖರ್ಚಿನ ಹೆಡ್ಡಿಂದ ಅಡ್ವಾನ್ಸ್ ಕೊಡಿಸೋಕೆ ನೋಟ್ ಬರೆದೆ, ಮೇಲಿಂದ ನಿಯಮ ಇಲ್ಲ ಅಂತ ವಾಪಸ್ ಬಂತು, ನಾನು ಇನ್ನೊಂದು ಸಲ ಬರೀಬೇಕಿತ್ತು, ಬರೀಲಿಲ್ಲ. ಆ ವರ್ಷದ ರಿಪೋರ್ಟಲ್ಲಿ ಹೊರಗಿನ ಅನುದಾನ ಏರಿದೆ ಅಂತ ಗ್ರಾಫ್ ಹಾಕಿದ್ವಿ. ಏರಿದ್ದು ಸ್ಯಾಂಕ್ಷನ್ ಲೆಕ್ಕ. ಅದಕ್ಕೇ ಹೇಳ್ತಿದೀನಿ, ಗ್ರಾಫ್ ನೋಡ್ಬೇಡಿ, ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರೋ ಲೆಕ್ಕಪತ್ರದಲ್ಲಿ ಆ ವರ್ಷ ಕೈಗೆ ಬಂದಿದ್ದೆಷ್ಟು, ಖರ್ಚಾಗದೆ ಉಳಿದಿದ್ದೆಷ್ಟು ನೋಡಿ.

ನಿಮ್ಮ ಮಗಳಿಗೆ ಸಿಗೋ ಫೆಲೋಶಿಪ್ ಬಗ್ಗೆ ಬೇಕಾದ್ರೆ: ಕೇಂದ್ರದ ಜೆಆರ್‌ಎಫ್, ಅಂದ್ರೆ ಮೊದಲ ವರ್ಷಗಳ ಜೂನಿಯರ್ ಫೆಲೋಶಿಪ್, 2023ರ ಜನವರಿಯಿಂದ ತಿಂಗಳಿಗೆ 31,000 ಇದ್ದದ್ದು 37,000 ಆಯ್ತು, ಆಮೇಲಿನ ಸೀನಿಯರ್ ಫೆಲೋಶಿಪ್ ಎಸ್‌ಆರ್‌ಎಫ್ 35,000ದಿಂದ 42,000. ಕೂತು ಸಂಶೋಧನೆ ಮಾಡೋರಿಗೆ ಬೆಂಗಳೂರಿನ ಬಾಡಿಗೇಲಿ ಇದು ದೊಡ್ಡ ಮೊತ್ತ ಅಂತ ನಾನಂತೂ ಹೇಳಲ್ಲ, ಹಾಸ್ಟೆಲ್ ಸಿಕ್ಕಿದ್ರೆ ನಡೆಯುತ್ತೆ.

ಇನ್ನು ಯಾರು ತೀರ್ಮಾನ ಮಾಡ್ತಾರೆ ಅನ್ನೋದು. ನಿಮಗೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಸಿಂಡಿಕೇಟ್, ಅಂದ್ರೆ ಆಡಳಿತದ ತೀರ್ಮಾನ ಮಾಡೋ ಮಂಡಳಿ, ಗೊತ್ತಿರುತ್ತೆ. ಐಐಎಸ್‌ಸಿಯಲ್ಲಿ ಆ ಜಾಗದಲ್ಲಿ ಇರೋದು ಕೌನ್ಸಿಲ್. ಅದಕ್ಕೂ ಹೊರಗೆ ದೊಡ್ಡದಾಗಿ ಕೋರ್ಟ್ ಅಂತ ಒಂದು ಸಭೆ, ದುಡ್ಡಿಗೆ ಫೈನಾನ್ಸ್ ಕಮಿಟಿ, ಪಾಠ ಪರೀಕ್ಷೆ ಡಿಗ್ರಿ ವಿಷ್ಯಕ್ಕೆ ಪ್ರೊಫೆಸರುಗಳ ಸೆನೆಟ್. ಕೌನ್ಸಿಲಲ್ಲಿ ಟಾಟಾ ಕಡೆಯೋರು, ಕೇಂದ್ರ ಸರ್ಕಾರದೋರು, ಕರ್ನಾಟಕ ಸರ್ಕಾರದೋರು ಎಲ್ಲಾ ಇರ್ತಾರೆ. ಯಾಕೆ ಹೀಗೆ ಅಂದ್ರೆ ಹುಟ್ಟಿದ್ದೇ ಹಾಗೆ. ಜೆಮ್‌ಶೆಟ್‌ಜಿ ಟಾಟಾ ಆಸ್ತಿ ಎತ್ತಿಟ್ರು, ಅವರು 1904ರಲ್ಲಿ ತೀರ್ಕೊಂಡ್ರು, ಸಂಸ್ಥೆ ನೋಡೋಕೆ ಅವರು ಇರ್ಲಿಲ್ಲ, ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಾಗ ಕೊಡ್ತು, ಭಾರತ ಸರ್ಕಾರ ಅನುದಾನ ಕೊಡ್ತು, 1909ರಲ್ಲಿ ಸಂಸ್ಥೆ ಶುರುಮಾಡೋ ಆದೇಶ ಬಂತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದ್ರು. ಈಗಲೂ ಹಳೇ ಬೆಂಗಳೂರಿನೋರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟೇ. ಮೂರು ಮನೆಯೋರು ಸೇರಿ ತೋಡಿದ ಬಾವಿ ಇದ್ದ ಹಾಗೆ, ನೀರು ಯಾರದ್ದು ಅನ್ನೋ ಜಗಳ ಮೊದಲ ದಿನದಿಂದ ಇತ್ತು.

ಮೊದಲ ಡೈರೆಕ್ಟರ್ ಮಾರಿಸ್ ಟ್ರಾವರ್ಸ್ ಕೌನ್ಸಿಲ್ ಜೊತೆ ಗುದ್ದಾಡಿ 1914ರಲ್ಲಿ ಹೊರಟೋದ್ರು. ಅದಕ್ಕಿಂತ ದೊಡ್ಡದು ಸಿ.ವಿ.ರಾಮನ್ ಅವರದ್ದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಆಡಳಿತ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದೇ ಇದನ್ನ ಓದಿದ ಮೇಲೆ. 1933ರಲ್ಲಿ ರಾಮನ್ ಡೈರೆಕ್ಟರ್ ಆದ್ರು, ಆ ಕುರ್ಚೀಲಿ ಕೂತ ಮೊದಲ ಭಾರತೀಯರು, ನೊಬೆಲ್ ಬಂದು ಮೂರೇ ವರ್ಷ. ಫಿಸಿಕ್ಸ್ ವಿಭಾಗ ಕಟ್ಟಿದ್ರು, ಜರ್ಮನಿಯಿಂದ ಓಡಿಬರಬೇಕಾದ ವಿಜ್ಞಾನಿಗಳಿಗೆ ಇಲ್ಲಿ ಜಾಗ ಕೊಡ್ಬೇಕು ಅಂತ ಹಂಬಲಿಸಿದ್ರು, ಅಂಥ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಬಂದು ಕೆಲವು ತಿಂಗಳು ಬೆಂಗಳೂರಲ್ಲಿ ಇದ್ರು ಕೂಡ. ಅವರಿಗೆ ಖಾಯಂ ಹುದ್ದೆ ಆಗ್ಲಿಲ್ಲ, ಎಡಿನ್‌ಬರೋಗೆ ಹೋದ್ರು, 1954ರಲ್ಲಿ ಅವರಿಗೂ ನೊಬೆಲ್ ಬಂತು. ಇದೊಂದು ಮುಖ. ಇನ್ನೊಂದು ಮುಖ ಏನಂದ್ರೆ ಬೇರೆ ವಿಭಾಗದೋರ ದುಡ್ಡು ಫಿಸಿಕ್ಸ್ ಕಡೆ ಹರೀತಿದೆ, ಒಬ್ರೇ ಎಲ್ಲಾ ತೀರ್ಮಾನ ಮಾಡ್ತಾರೆ ಅಂತ ಒಳಗೆ ಅಸಮಾಧಾನ ಕುದೀತಾ ಇತ್ತು. 1936ರಲ್ಲಿ ಜೇಮ್ಸ್ ಇರ್ವಿನ್ ಅನ್ನೋರ ಸಮಿತಿ ಬಂದು ಪರಿಶೀಲಿಸಿತು, ಡೈರೆಕ್ಟರ್ ಕೈಯಿಂದ ಆಡಳಿತದ ಕೆಲಸ ಬಿಡಿಸಿ ರಿಜಿಸ್ಟ್ರಾರ್ ಹುದ್ದೆ ಬೇಕು ಅಂತು, 1937ರಲ್ಲಿ ರಾಮನ್ ಡೈರೆಕ್ಟರ್ ಕುರ್ಚಿ ಬಿಟ್ರು, ಪ್ರೊಫೆಸರಾಗಿ 1948ರ ತನಕ ಅಲ್ಲೇ ಇದ್ರು.

ರಾಮನ್ ಮೇಲೆ ನನಗೆ ಬಹಳ ಗೌರವ. ಬಾರ್ನ್ ಇಲ್ಲೇ ಉಳಿದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಅನ್ಸುತ್ತೆ, ಆಗಿನ ಕೌನ್ಸಿಲ್ ಸಣ್ಣ ಮನಸ್ಸು ತೋರಿಸ್ತು ಅಂತಲೂ ಅನ್ಸುತ್ತೆ. ಆದ್ರೂ ಕೆಮಿಸ್ಟ್ರಿ ಲ್ಯಾಬಲ್ಲಿ ಕೆಲಸ ಮಾಡ್ತಿದ್ದ ಹೆಸರಿಲ್ಲದ ಯಾರೋ ಒಬ್ಬ ಹುಡುಗ ನನ್ನ ಕಣ್ಮುಂದೆ ಬರ್ತಾನೆ, ಅವನ ಪಾಲಿನ ದುಡ್ಡು ಬೇರೆ ಕಡೆ ಹೋದ್ರೆ ಅವನು ಯಾರ ಹತ್ರ ಹೋಗಿ ಕೇಳ್ಬೇಕಿತ್ತು? ಎಷ್ಟೇ ದೊಡ್ಡ ವಿಜ್ಞಾನಿ ಆದ್ರೂ ಯಾಕೆ ಅಂತ ಕೇಳೋಕೆ ಒಂದು ಮೇಜು ಇರ್ಬೇಕು, ಕೇಳೋರಿಗೂ ದೊಡ್ಡದನ್ನ ಗುರುತಿಸೋ ಕಣ್ಣಿರ್ಬೇಕು. ಎರಡೂ ಇರೋ ಕಡೆ ಸಂಸ್ಥೆ ಬೆಳೆಯುತ್ತೆ. ವರದೀಲಿ ಕೌನ್ಸಿಲ್ ಸದಸ್ಯರ ಪಟ್ಟಿ ಇರುತ್ತಲ್ಲ, ಅದನ್ನ ಹೆಸರಿಗಾಗಿ ಓದ್ಬೇಡಿ, ಖಾಲಿ ಜಾಗ ಎಷ್ಟಿದೆ, ಸಭೆ ಎಷ್ಟು ಸಲ ಸೇರ್ತು ಅಂತ ನೋಡಿ.

ಸ್ಟ್ರಾಟಜಿ ಅನ್ನೋ ಅಧ್ಯಾಯ ಎಲ್ಲಾ ವರದೀಲೂ ಒಂದೇ ಥರ ಇರುತ್ತೆ, ವಿಶ್ವದರ್ಜೆ, ಉತ್ಕೃಷ್ಟತೆ ಅಂತ. ನನ್ನ ಲೆಕ್ಕದಲ್ಲಿ ಸಂಸ್ಥೆ ದುಡ್ಡು, ಜಾಗ, ಮೇಷ್ಟ್ರ ಹುದ್ದೆ ಎಲ್ಲಿಗೆ ಹಾಕ್ತು ಅನ್ನೋದೇ ಸ್ಟ್ರಾಟಜಿ. ಸತೀಶ್ ಧವನ್ 1962ರಿಂದ 1981ರ ತನಕ ಡೈರೆಕ್ಟರ್ ಆಗಿದ್ರು, ಅದ್ರಲ್ಲಿ ಒಂಬತ್ತು ವರ್ಷ ಇಸ್ರೋನೂ ನಡೆಸ್ತಾ. ಅವರ ಕಾಲದಲ್ಲೇ 1974ರಲ್ಲಿ ಅಲ್ಲಿನ ಪ್ರೊಫೆಸರ್ ಎ.ಕೆ.ಎನ್.ರೆಡ್ಡಿ ಅಸ್ತ್ರ ಅಂತ ಗುಂಪು ಕಟ್ಟಿದ್ರು, ವಿಜ್ಞಾನವನ್ನ ಹಳ್ಳಿಗೆ ತಗೊಂಡು ಹೋಗೋಕೆ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಹೊಗೆ ಕಡಿಮೆ, ಸೌದೆ ಕಡಿಮೆ ಅಂತ ಅಸ್ತ್ರ ಒಲೆ ಅಂತ ಬಂತಲ್ಲ, ಅದು ಇದೇ. ನಮ್ಮಮ್ಮ ಅದ್ರ ಮುಂದೆ ಕೂತು ರೊಟ್ಟಿ ಮಾಡಿದಾರೆ, ಕಣ್ಣುರಿ ಇಲ್ದೆ. ಆ ಒಲೆಗೆ ಪೇಪರ್ ಲೆಕ್ಕದಲ್ಲಿ ಎಷ್ಟು ಅಂಕ ಬರುತ್ತೆ ಹೇಳಿ. ರಾಕೆಟ್ ಕಡೆ ನೋಡ್ತಿದ್ದ ಮನುಷ್ಯನ ಸಂಸ್ಥೇಲಿ ಒಲೆಗೂ ಜಾಗ ಇತ್ತು, ಅದನ್ನ ನಾನು ಸ್ಟ್ರಾಟಜಿ ಅಂತ ಕರೀತೀನಿ.

ಈಚೆಗೆ ನೋಡಿದ್ರೆ 2011ರಲ್ಲಿ ಪಿಯುಸಿ ಮುಗಿಸಿದೋರಿಗೆ ನಾಲ್ಕು ವರ್ಷದ ಪದವಿ ತೆರೆದ್ರು, ಅಲ್ಲೀ ತನಕ ಬರೀ ಮೇಲಿನ ಓದು. 2018ರಲ್ಲಿ ಕೇಂದ್ರ ಸರ್ಕಾರ ಇನ್‌ಸ್ಟಿಟ್ಯೂಟ್ ಆಫ್ ಎಮಿನೆನ್ಸ್ ಅಂತ ಮಾಡ್ತು, ಹಾಗೆ ಆಯ್ಕೆಯಾದ ಸರ್ಕಾರಿ ಸಂಸ್ಥೆಗೆ ಐದು ವರ್ಷದಲ್ಲಿ 1000 ಕೋಟಿ ತನಕ ಕೊಡೋ ಯೋಜನೆ. 2022ರಲ್ಲಿ ಐಟಿ ಉದ್ಯಮದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ದಾನ ಘೋಷಿಸಿದ್ರು, 800 ಹಾಸಿಗೆ ಆಸ್ಪತ್ರೆ ಮತ್ತೆ ವೈದ್ಯಕೀಯ ಸಂಶೋಧನೆಗೆ. ಅಂದ್ರೆ ಮುಂದಿನ ಇಪ್ಪತ್ತು ವರ್ಷ ಸಂಸ್ಥೆ ವೈದ್ಯಕೀಯದ ಕಡೆ ವಾಲುತ್ತೆ. ನಿಮ್ಮ ಮಗಳದ್ದು ಬಯಾಲಜಿ ಆದ್ರೆ ಇದು ಅವಳಿಗೆ ನೇರ ಸಂಬಂಧ. ಚಳ್ಳಕೆರೆ ಹತ್ರ ಕುದಾಪುರದಲ್ಲಿ ಸುಮಾರು 1500 ಎಕರೆಯ ಎರಡನೇ ಕ್ಯಾಂಪಸ್ ಇದೆ, ಅಲ್ಲಿ ನಮ್ಮ ಶಾಲಾ ಮೇಷ್ಟ್ರುಗಳಿಗೆ ತರಬೇತಿ ಕೊಡ್ತಾರೆ, ಒಳ್ಳೇ ಕೆಲಸ. ಆದ್ರೆ ಆ ಭಾಗ ಅಮೃತ ಮಹಲ್ ಕಾವಲು, ದನ ಕುರಿ ಮೇಯ್ಸೋರ ಜಾಗ, ಅಲ್ಲಿ ಹಲವು ಸಂಸ್ಥೆಗಳಿಗೆ ಭೂಮಿ ಕೊಟ್ಟಿದ್ದಕ್ಕೆ ಊರಿನೋರು ಹಸಿರು ನ್ಯಾಯಮಂಡಳಿ ತನಕ ಹೋದ್ರು. ಹೊಸ ಕ್ಯಾಂಪಸ್ ಪುಟ ಓದುವಾಗ ಆ ಕುರಿ ಕಾಯೋರನ್ನೂ ನೆನೆಸ್ಕೊಳಿ ಅಂತ ನನ್ನ ಕೋರಿಕೆ.

ಈಗ ನಿಮಗೆ ಕೆಲಸಕ್ಕೆ ಬರೋ ಮಾತು. ವರದೀಲಿ ಅವಳು ಸೇರೋ ಡಿಪಾರ್ಟ್‌ಮೆಂಟಲ್ಲಿ ಪ್ರತಿ ವರ್ಷ ಎಷ್ಟು ಜನ ಪಿಎಚ್‌ಡಿಗೆ ಸೇರಿದ್ರು, ಎಷ್ಟು ಜನಕ್ಕೆ ಡಿಗ್ರಿ ಆಯ್ತು ಅಂತ ಐದಾರು ವರ್ಷದ್ದು ಒಂದು ಹಾಳೇಲಿ ಬರ್ಕೊಳಿ. ಸೇರಿದೋರು ಬಹಳ, ಹೊರಗೆ ಬಂದೋರು ಕಮ್ಮಿ ಅಂತಾದ್ರೆ ಯಾಕೆ ಅಂತ ಕೇಳ್ಬೇಕು, ಕೆಲವು ಸಲ ಹೊಸದಾಗಿ ಬೆಳೀತಿರೋ ವಿಭಾಗ ಆದ್ರೂ ಹಾಗೆ ಕಾಣುತ್ತೆ. ಆಮೇಲೆ ಮಗಳಿಗೆ ಹೇಳಿ, ಗೈಡ್ ಆರಿಸ್ಕೊಳ್ಳೋ ಮುಂಚೆ ಆ ಲ್ಯಾಬಿನ ನಾಲ್ಕನೇ ವರ್ಷದ ವಿದ್ಯಾರ್ಥಿ ಜೊತೆ ಮೆಸ್ಸಲ್ಲಿ ಕೂತು ಊಟ ಮಾಡ್ಲಿ. ಹಿಂದಿನ ಮೂರು ತಿಂಗಳ ಫೆಲೋಶಿಪ್ ಯಾವ ತಾರೀಕಿಗೆ ಬಂತು, ಪೇಪರಲ್ಲಿ ಮೊದಲ ಹೆಸರು ಯಾರದ್ದು ಬರುತ್ತೆ, ಗೈಡ್ ಜೊತೆ ತಕರಾರಾದ್ರೆ ಯಾರ ಹತ್ರ ಹೋಗ್ತೀರ ಅಂತ ಕೇಳ್ಲಿ. ಮೂರನೇ ಪ್ರಶ್ನೆಗೆ ಆ ವಿದ್ಯಾರ್ಥಿ ತಡವರಿಸದೆ ಒಂದು ಹೆಸರು ಹೇಳಿದ್ರೆ ನೀವು ಧೈರ್ಯವಾಗಿ ಟ್ರಂಕ್ ಕಟ್ಟಿ ಕಳಿಸಿ. ಅವಳ ಸಬ್ಜೆಕ್ಟ್ ಯಾವುದು ಅಂತ ಕಾಮೆಂಟಲ್ಲಿ ಹಾಕಿ, ಆ ವಿಭಾಗದ ನಾಲ್ಕು ವರ್ಷದ ಲೆಕ್ಕ ಓದೋಕೆ ನಾನೂ ಕೂತ್ಕೊಳ್ತೀನಿ.