ರಿಪೇರಿ ಮಾಡಿಸಿದ ಮರುದಿನವೇ ಕಾರು ಕೆಟ್ಟು ನಿಂತರೆ ಹೊಣೆ ಯಾರದು?

ಗ್ಯಾರೇಜಿನಿಂದ ತಂದ ಮರುದಿನವೇ ಕಾರು ನಡುದಾರಿಯಲ್ಲಿ ಕೈಕೊಟ್ಟಿತು, ಮೆಕ್ಯಾನಿಕ್ ಮಾತ್ರ ‘ಅದು ಬೇರೆ ದೋಷ’ ಎನ್ನುತ್ತಾರೆ ಎಂದಿದ್ದೀರಿ. ನಿನ್ನೆ ಕೈ ಹಾಕಿದವರ ಮೇಲೆಯೇ ಅನುಮಾನ ಬರುವುದು ಸಹಜ. ಆದರೆ ಅವರು ಮುಟ್ಟಿದ ಭಾಗಕ್ಕೂ ಈಗ ಕೆಟ್ಟಿರುವ ಭಾಗಕ್ಕೂ ನಂಟಿದೆಯೇ ಎಂಬುದನ್ನು ಮೊದಲು ನೋಡಬೇಕು.

ಎಂಜಿನ್ ಆಯಿಲ್ ಬದಲಾಯಿಸಿದ್ದರು ಎಂದುಕೊಳ್ಳಿ. ತಳದ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಆಯಿಲ್ ಹನಿಹನಿಯಾಗಿ ಸೋರಿ, ಒತ್ತಡ ಇಳಿದು, ಬೇರಿಂಗುಗಳು ಒಣಗಿ ಉಜ್ಜಿ, ಕೊನೆಗೆ ಎಂಜಿನ್ ತಿರುಗಲಾಗದಂತೆ ಹಿಡಿದುಕೊಳ್ಳುತ್ತದೆ. ಇಲ್ಲಿ ಹೊಣೆ ಮೆಕ್ಯಾನಿಕ್ ಮೇಲೆಯೇ ಬೀಳುತ್ತದೆ. ಆದರೆ ಆಯಿಲ್‌ನ ಕೆಂಪು ದೀಪ ಹೊತ್ತಿಕೊಂಡ ಮೇಲೂ ‘ಮನೆ ಸೇರಿಕೊಳ್ಳೋಣ’ ಎಂದು ನೀವು ಓಡಿಸಿದ್ದರೆ ನಷ್ಟದಲ್ಲಿ ನಿಮ್ಮ ಪಾಲೂ ಇದೆ. ಬ್ರೇಕ್ ಪ್ಯಾಡ್ ಹಾಕಿಸಿದ ಮರುದಿನ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸತ್ತರೆ ಅದು ಹೆಚ್ಚಾಗಿ ಕಾಕತಾಳೀಯ. ಬಿಡಿಭಾಗವನ್ನು ನೀವೇ ತಂದುಕೊಟ್ಟಿದ್ದರೆ ಅದರ ದೋಷವನ್ನು ಅವರ ತಲೆಗೆ ಕಟ್ಟುವುದು ಕಷ್ಟ. ಜೋಡಣೆಯ ತಪ್ಪಿಗೆ ಮಾತ್ರ ಅವರು ಉತ್ತರಿಸಬೇಕು.

ಸಿಟ್ಟಿನಲ್ಲಿ ಕೂಡಲೇ ಬೇರೊಬ್ಬರಿಂದ ಬಿಚ್ಚಿಸಿಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಬಿಚ್ಚಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಸೋರಿದ ಕಲೆ, ಸಡಿಲ ಬೋಲ್ಟ್, ಮೀಟರಿನ ಕಿಲೋಮೀಟರ್ ಎಲ್ಲದರ ಫೋಟೊ ತೆಗೆಯಿರಿ. ಗಾಡಿಯನ್ನು ಎಳೆಸಿಕೊಂಡು ಹೋಗಿ ಮೊದಲಿನ ಮೆಕ್ಯಾನಿಕ್‌ಗೆ ತೋರಿಸಿ. ಅವರು ಒಪ್ಪದಿದ್ದರೆ ಇನ್ನೊಬ್ಬ ಅನುಭವಿಯಿಂದ ಕಾರಣವನ್ನು ಬರಹದಲ್ಲಿ ಪಡೆಯಿರಿ, ತೆಗೆದ ಭಾಗವನ್ನು ಎಸೆಯದೆ ಇಟ್ಟುಕೊಳ್ಳಿ. ಯಾವ ಕೆಲಸ ಮಾಡಿದ್ದಾರೆಂದು ಬರೆದ ಬಿಲ್ ಇಲ್ಲದಿದ್ದರೆ ಮಾತ್ರ ವಾದ ಬಹಳ ದೂರ ಹೋಗುವುದಿಲ್ಲ.