ಜಮೀನು ಕರಾರು: ‘ದುಡ್ಡು ರೆಡಿ ಇತ್ತು’ ಎಂದರೆ ಕೋರ್ಟು ಕೇಳುವುದಿಲ್ಲ

ಪ್ರಶ್ನೆ: ಚನ್ನಗಿರಿ ಹತ್ತಿರ 2 ಎಕರೆ ಅಡಿಕೆ ತೋಟಕ್ಕೆ ಕ್ರಯದ ಕರಾರು ಮಾಡಿಕೊಂಡು 10 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ. ಆರು ತಿಂಗಳ ವಾಯಿದೆ ಮುಗಿಯುತ್ತ ಬಂತು. ಮಾಲೀಕರು ಇವತ್ತು, ನಾಳೆ ಎನ್ನುತ್ತಿದ್ದಾರೆ. ಬಾಕಿ 40 ಲಕ್ಷ ರೆಡಿ ಇದೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದೇನೆ. ಅಷ್ಟು ಸಾಕಲ್ಲವೇ?
– ಓದುಗರು, ದಾವಣಗೆರೆ

ಸಾಲದು. ಇದೇ ಪ್ರಶ್ನೆ ಎಷ್ಟು ಸಲ ಬರುತ್ತದೋ! ಅದೂ ವಾಯಿದೆ ಮುಗಿದು ವರ್ಷ ಕಳೆದ ಮೇಲೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಮಾಲೀಕರು ಕ್ರಯ ಮಾಡಿಕೊಡದಿದ್ದರೆ, ಕೋರ್ಟಿನ ಮೂಲಕ ಮಾಡಿಸಿಕೊಳ್ಳಲು ದಾವೆ ಹೂಡಬೇಕಾಗುತ್ತದೆ. ಆಗ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 16(ಸಿ) ಪ್ರಕಾರ ನೀವು ಎರಡನ್ನು ಸಾಬೀತು ಮಾಡಬೇಕು: ಹಣ ಹೊಂದಿಸುವ ಶಕ್ತಿ ಇತ್ತು, ಕೊಳ್ಳುವ ಮನಸ್ಸೂ ಇತ್ತು. ಎರಡೂ ಉದ್ದಕ್ಕೂ ಇರಬೇಕು, ನಡುವೆ ಎಲ್ಲೂ ತಪ್ಪಬಾರದು.

ವಾಯಿದೆ ಮುಗಿಯುವ ಮೊದಲೇ ವಕೀಲರಿಂದ ನೋಟಿಸ್ ಕೊಡಿಸಿ. ಕರಾರಿನ ತಾರೀಖು, ಸರ್ವೆ ನಂಬರ್, ಕೊಟ್ಟ ಹಣ, ಬಾಕಿ, ಜೊತೆಗೆ ‘ಇಂಥ ದಿನ 11 ಗಂಟೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬನ್ನಿ’ ಎಂಬುದು ಅದರಲ್ಲಿರಲಿ. ಅಂಚೆ ರಸೀದಿ ಜೋಪಾನ. ಲಕೋಟೆ ವಾಪಸ್ ಬಂದರೆ ಒಡೆಯಬೇಡಿ. ಆ ದಿನ ಸಾಕ್ಷಿಗಳೊಂದಿಗೆ ಹೋಗಿ. ಮುದ್ರಾಂಕ ಮತ್ತು ನೋಂದಣಿ ಶುಲ್ಕದ ದುಡ್ಡೂ ಕೈಯಲ್ಲಿರಲಿ.

ಹಣಕ್ಕೆ ಪುರಾವೆ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲ ಮಂಜೂರಾತಿ ಪತ್ರ. ಭಾವಮೈದುನನಿಂದ ಎರಡು ದಿನಕ್ಕೆ ತಂದು ಖಾತೆಗೆ ತುಂಬಿದ ಹಣ ಪಾಟಿ ಸವಾಲಿನಲ್ಲಿ ನಿಲ್ಲುವುದಿಲ್ಲ. ಕೋರ್ಟು ಹೇಳುವ ತನಕ ಬಾಕಿಯನ್ನು ಠೇವಣಿ ಇಡಲೇಬೇಕೆಂದೇನೂ ಇಲ್ಲ.

ಕೊಳ್ಳುವ ಮನಸ್ಸಿತ್ತು ಎಂಬ ವಾದ ಕೆಡುವುದು ಮೊಬೈಲ್‌ನಲ್ಲಿ. ‘ಅಡಿಕೆ ರೇಟು ಬಿದ್ದಿದೆ, ಎರಡು ಲಕ್ಷ ಬಿಡಿ’ ಎಂದು ವಾಟ್ಸ್ಆ್ಯಪ್ ಮಾಡಿದಿರೋ, ಎದುರು ಪಾರ್ಟಿ ಅದನ್ನೇ ಹಾಜರುಪಡಿಸುತ್ತಾರೆ: ಒಪ್ಪಿದ ಬೆಲೆಗೆ ಇವರಿಗೆ ಬೇಡವಾಗಿತ್ತು ಎಂದು.

ಈ ಕಾಯ್ದೆಯ 2018ರ ತಿದ್ದುಪಡಿಯಿಂದ ಇದೆಲ್ಲ ಬೇಕಿಲ್ಲ ಎನ್ನುವ ಬ್ರೋಕರ್ ಮಾತು ಶುದ್ಧ ತಪ್ಪು. ‘ಶಕ್ತಿಯೂ ಮನಸ್ಸೂ ಇತ್ತು’ ಎಂದು ದಾವೆಯಲ್ಲಿ ಬರೆಯಲೇಬೇಕೆಂಬ ಷರತ್ತು ಹೋಯಿತು, ಸಾಬೀತು ಮಾಡುವ ಹೊಣೆ ಹೋಗಿಲ್ಲ.

ದಾವೆಗೆ ಮೂರು ವರ್ಷ ಇದೆಯಲ್ಲ, ಅವಸರವೇಕೆ?
ಅದು ದಾವೆ ಹೂಡಲು ಇರುವ ಕಾಲಮಿತಿ ಅಷ್ಟೇ. ಸುಮ್ಮನೆ ಕೂತಷ್ಟೂ ನಿಮಗೆ ಮನಸ್ಸಿರಲಿಲ್ಲ ಎನ್ನುವವರ ವಾದ ಗಟ್ಟಿಯಾಗುತ್ತದೆ.

ಕರಾರು ಆದಮೇಲೆ ಜಮೀನು ನನ್ನದೇ ತಾನೆ?
ಅಲ್ಲ. ಕ್ರಯಪತ್ರ ನೋಂದಣಿ ಆಗಬೇಕು.

ಅಡ್ವಾನ್ಸ್ ನಗದಾಗಿ ಕೊಡಬಹುದೇ?
20,000 ಮತ್ತು ಅದಕ್ಕೆ ಮೇಲ್ಪಟ್ಟು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಕೊಡಿ.