ಅಂಗಡಿಯವರಿಗೆ ವೆಬ್‌ಸೈಟ್ ಬೇಡವಂತೆ, ಏನು ಮಾಡಲಿ?

ಪ್ರಶ್ನೆ: ಅಕ್ಕ, ನಾನು ಬಿಸಿಎ ಮುಗಿಸಿ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್, ಆನ್‌ಲೈನ್ ಅಂಗಡಿ ಮಾಡಿಕೊಡುವ ಕೆಲಸ ಶುರು ಮಾಡಿದ್ದೇನೆ. 18,000 ರೂಪಾಯಿಯ ಪ್ಯಾಕೇಜ್. ಎರಡು ತಿಂಗಳಲ್ಲಿ 40 ಅಂಗಡಿ ಹತ್ತಿ ಇಳಿದೆ. ಎಲ್ಲರೂ "ಆಮೇಲೆ ನೋಡೋಣ" ಅಂತಾರೆ. ಇಬ್ಬರು ಒಪ್ಪಿದರು, ಸೈಟ್ ಆದಮೇಲೆ ದುಡ್ಡು ಕೊಡಲಿಲ್ಲ. ನಮ್ಮ ಕಡೆ ಜನಕ್ಕೆ ಇದು ಬೇಡವೇ ಬೇಡವಾ?
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಮ್ಮಾ, ನಲವತ್ತು ಅಂಗಡಿ ಹತ್ತಿದ್ದೀರಿ. ಒಂದು ಅಂಗಡಿಯಲ್ಲಾದರೂ ಅರ್ಧ ದಿನ ಕೂತಿದ್ದೀರಾ? ನಿಮ್ಮ ಪತ್ರದಲ್ಲಿ 18,000 ಇದೆ, ಆದರೆ ಒಬ್ಬರಾದರೂ ಏನು ಮಾರುತ್ತಾರೆ ಅನ್ನುವುದು ಇಲ್ಲ. ಅದಕ್ಕೇ ಕೇಳಿದೆ.

ನನ್ನ ಮೊದಲ ಗಿರಾಕಿ ನಿಮ್ಮ ಪಕ್ಕದ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಹುಬ್ಬಳ್ಳಿಯ ನನ್ನ ರೂಮಿನಲ್ಲಿ ಕೂತು ಹದಿನೈದು ದಿನ ಸೈಟ್ ಕಟ್ಟಿದೆ. ಮೇಲೆ ದೊಡ್ಡ ಫೋಟೊ, ಇಂಗ್ಲಿಷಿನಲ್ಲಿ ಸ್ವಾಗತ, ಅದರ ಕೆಳಗೆ ಉದ್ದುದ್ದ ಬರಹ. ಖುಷಿಯಿಂದ ಒಯ್ದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಫೋಟೊ ಒಂದನ್ನೇ ನೋಡಿದರು. "ತಂಗಿ, ಇದು ನಮ್ಮ ಕಾಯಿ ಅಲ್ಲ. ಬ್ಯಾಡಗಿ ಕಾಯಿ ಸುಕ್ಕು ಇರತೈತಿ. ಇದು ನುಣ್ಣಗ ಐತಿ. ಇದನ್ನ ನೋಡಿದವ್ರು ಗುಂಟೂರು ಕಾಯಿ ಅಂತಾರ" ಅಂದರು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಫೋಟೊ ಅದು. ಆರು ತಿಂಗಳಲ್ಲಿ ಒಂದೇ ಒಂದು ಆರ್ಡರ್ ಬರಲಿಲ್ಲ.

ಆಮೇಲೆ ನಾನೇ ಹೋಗಿ ಅವರ ಅಂಗಡಿಯಲ್ಲಿ ಎರಡು ದಿನ ಕೂತೆ. ಬರುವ ಫೋನ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೇಳುವವರು ಕೇಳುತ್ತಿದ್ದುದು ನಾಲ್ಕೇ ಮಾತು. ಡಬ್ಬಿನಾ, ಕಡ್ಡಿನಾ? (ಬ್ಯಾಡಗಿ ಕಾಯಿಯ ಎರಡು ಬಗೆ ಇವು.) ಖಾರ ಎಷ್ಟು? ತೊಟ್ಟು ತೆಗೆದಿದ್ದೋ, ಇಲ್ಲವೋ? ಹೊಸ ಕಾಯಿನಾ, ಕೋಲ್ಡ್ ಸ್ಟೋರೇಜಿನದಾ? ಇಡೀ ದಿನ ಅದನ್ನೇ ಹೇಳಿ ಹೇಳಿ ಅವರ ಗಂಟಲು ಒಣಗುತ್ತಿತ್ತು. ಸಂತೆ ದಿನವಂತೂ ಫೋನ್ ಎತ್ತಲೂ ಪುರುಸೊತ್ತಿಲ್ಲ, ಆ ಗಿರಾಕಿಗಳೆಲ್ಲ ಬೇರೆ ಕಡೆ ಹೋಗುತ್ತಿದ್ದರು.

ಹಳೇ ಸೈಟ್ ಕಿತ್ತುಹಾಕಿದೆ. ಅಂಗಡಿಯ ಬಾಗಿಲಲ್ಲಿ, ಬೆಳಗಿನ ಬಿಸಿಲಿನಲ್ಲಿ, ಗೋಣಿಚೀಲದ ಮೇಲೆ ಡಬ್ಬಿ, ಕಡ್ಡಿ ಎರಡನ್ನೂ ಅಕ್ಕಪಕ್ಕ ಇಟ್ಟು ನನ್ನ ಫೋನಿನಲ್ಲೇ ಫೋಟೊ ತೆಗೆದೆ. ಆ ನಾಲ್ಕು ಪ್ರಶ್ನೆಗೆ ನಾಲ್ಕು ಉತ್ತರ, ಅವರು ಹೇಳಿದ ಹಾಗೆಯೇ ಕನ್ನಡದಲ್ಲಿ. ಕೆಳಗೆ ವಾಟ್ಸ್‌ಆ್ಯಪ್ ಗುಂಡಿ. ಅಷ್ಟೇ. ಮೊದಲ ವಾರವೇ ಬೆಂಗಳೂರಿನಿಂದ ಒಬ್ಬರು ಎರಡು ಕಿಲೋ ಕೇಳಿದರು. ಆ ವ್ಯಾಪಾರಿ ಇವತ್ತಿಗೂ ನನ್ನ ಗಿರಾಕಿ, ಅವರು ಕಳಿಸಿದ ಗಿರಾಕಿಗಳೇ ನನಗೆ ಏಳೆಂಟು ಮಂದಿ ಇದ್ದಾರೆ.

ನೀವೂ ಹಾಗೇ ಕೂತು ನೋಡಿ. ಕೆಲವರಿಗೆ ವೆಬ್‌ಸೈಟ್ ನಿಜಕ್ಕೂ ಬೇಡ, ಅದನ್ನು ಅವರಿಗೆ ನೀವೇ ಹೇಳಬೇಕು. ಓಣಿಯ ಕಿರಾಣಿ ಅಂಗಡಿಗೆ ಗೂಗಲ್ ಮ್ಯಾಪಿನಲ್ಲಿ ಸರಿಯಾದ ಹೆಸರು, ಸಮಯ, ಫೋನ್ ನಂಬರ್ ಇದ್ದರೆ ಸಾಕು. ಅದಕ್ಕೆ ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ಸಿನಲ್ಲಿ ಸಾಮಾನಿನ ಪಟ್ಟಿ ಹಾಕುವುದೂ ಪುಕ್ಕಟೆ. ಇದನ್ನು ಅವರಿಗೆ ಬಿಡಿಸಿ ಹೇಳಿ, ಫೋಟೊ ತೆಗೆದು ಹಾಕಿಕೊಟ್ಟ ನಿಮ್ಮ ಕೂಲಿಯನ್ನು ಮಾತ್ರ ಕೇಳಿ. ಸಾವಿರ ರೂಪಾಯಿ ಸಿಕ್ಕರೂ ಸಾಕು. ನಾಳೆ ಅವರ ಅಳಿಯ ಬಟ್ಟೆ ಅಂಗಡಿ ತೆರೆದಾಗ ನೆನಪಾಗುವುದು ನೀವೇ.

ದುಡ್ಡಿನ ಮಾತಿಗೆ ಬರುತ್ತೇನೆ. 18,000 ಅಂತ ಒಂದೇ ಅಂಕಿ ಹೇಳಿದರೆ ಯಾರಿಗೂ ಎದೆ ಧಸಕ್ ಅನ್ನುತ್ತದೆ. ಡೊಮೇನ್‌ಗೆ (ಸೈಟಿನ ವಿಳಾಸಕ್ಕೆ) ಇಷ್ಟು, ಹೋಸ್ಟಿಂಗ್‌ಗೆ (ಸೈಟ್ ಇಡುವ ಜಾಗದ ಬಾಡಿಗೆಗೆ) ಇಷ್ಟು, ನನ್ನ ಕೆಲಸಕ್ಕೆ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಎರಡನೇ ವರ್ಷ ಏನು ಖರ್ಚು ಬರುತ್ತದೆ ಅನ್ನುವುದನ್ನೂ ಮೊದಲ ದಿನವೇ ಹೇಳಿಬಿಡಿ. ಅದನ್ನು ಮುಚ್ಚಿಟ್ಟವರಿಂದಲೇ ಈ ಕೆಲಸಕ್ಕೆ ಕೆಟ್ಟ ಹೆಸರು ಬಂದಿರುವುದು. ಅರ್ಧ ಮುಂಗಡ ಬರುವವರೆಗೆ ಕೆಲಸಕ್ಕೆ ಕೈಹಾಕಬೇಡಿ. ಮುಂಗಡ ಕೊಟ್ಟವರು ಫೋಟೊ, ರೇಟು ಎಲ್ಲ ತಾವೇ ನೆನಪಿಟ್ಟು ಕಳಿಸುತ್ತಾರೆ, ಇದು ನನ್ನ ಅನುಭವ.

ಆನ್‌ಲೈನ್ ಅಂಗಡಿಯೇ ಬೇಕು ಅಂದರೆ ಇನ್ನಷ್ಟು ಮಾತಾಡಬೇಕು. ಕಾರ್ಡಿನಲ್ಲಿ ಬಂದ ದುಡ್ಡಿಗೆ ಪೇಮೆಂಟ್ ಗೇಟ್‌ವೇಯವರು, ಅಂದರೆ ಗಿರಾಕಿಯ ದುಡ್ಡನ್ನು ಅಂಗಡಿಗೆ ಮುಟ್ಟಿಸುವ ಕಂಪನಿಯವರು, ಸುಮಾರು ನೂರಕ್ಕೆ 2 ರೂಪಾಯಿ ಹಿಡಿಯುತ್ತಾರೆ, ಪಾವತಿ 2,000 ರೂಪಾಯಿ ದಾಟಿದರೆ ಆ ಹಿಡಿದ ದುಡ್ಡಿನ ಮೇಲೆ 18% ಜಿಎಸ್‌ಟಿ. ಹತ್ತು ಸಾವಿರ ರೂಪಾಯಿಗೆ 236 ರೂಪಾಯಿ ಹೋಯಿತು. ತೆಳು ಲಾಭದ ವ್ಯಾಪಾರಿಗೆ ಇದು ಸಣ್ಣ ಮಾತಲ್ಲ, ಅಲ್ವಾ? ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಪುಣೆಗೋ ಮುಂಬೈಗೋ ಕಳಿಸುವುದಾದರೆ, ತೆರಿಗೆಯೇ ಇಲ್ಲದ ಸಾಮಾನು, ಕೆಲವು ಕರಕುಶಲ ವಸ್ತು ಬಿಟ್ಟು, ಮೊದಲ ಪಾರ್ಸೆಲ್ಲಿನಿಂದಲೇ ಬೇಕು. ಅವರ ಆಡಿಟರ್ ಹತ್ತಿರ ಒಮ್ಮೆ ನೀವೇ ಜೊತೆಗೆ ಹೋಗಿ ಬನ್ನಿ. ತಿನ್ನುವ ಸಾಮಾನಾದರೆ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬೇಕು. ಅಂಗಡಿಯ ಹೆಸರು, ವಿಳಾಸ, ವಾಪಸ್ ಪಡೆಯುವ ನಿಯಮ ಸೈಟಿನಲ್ಲಿ ಕಾಣುವಂತೆ ಇರಬೇಕು, 2020ರ ಇ-ಕಾಮರ್ಸ್ ನಿಯಮದಲ್ಲಿ ಅದು ಇದೆ.

ಇನ್ನೊಂದು ಮಾತು. ಕನ್ನಡ ಹಾಕುವಾಗ ಯುನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನಿನಲ್ಲೂ ಓದಲು ಬರುವ ಅಕ್ಷರ ಪದ್ಧತಿಯಲ್ಲೇ, ಹಾಕಿ. ಪ್ರಿಂಟಿಂಗ್ ಪ್ರೆಸ್ಸಿನವರು ಹಳೇ ನುಡಿ ಫಾಂಟಿನಲ್ಲಿ ಮಾಡಿದ ಕರಪತ್ರವನ್ನು ಸುಮ್ನೆ ಕಾಪಿ ಮಾಡಿ ಅಂಟಿಸಿದರೆ ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಹುಡುಕಿದರೆ ಅಂಗಡಿ ಸಿಗುವುದೂ ಇಲ್ಲ.

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಲ್ಲೇ ಇಟ್ಟುಕೊಂಡಿದ್ದಾನೆ. ಈಗ ಫೋನ್ ಎತ್ತುವುದಿಲ್ಲ. ನವೀಕರಣದ ದಿನ ಹತ್ತಿರ ಬಂತು.
— ಓದುಗರು, ಶಿರಸಿ

ಉತ್ತರ: ಮೊದಲು ನೀವು ದುಡ್ಡು ಕೊಟ್ಟ ರಸೀದಿ, ಆಗಿನ ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ಒಟ್ಟಿಗೆ ಇಟ್ಟುಕೊಳ್ಳಿ. ಡೊಮೇನ್ ಕೊಂಡ ಕಂಪನಿಯಲ್ಲೇ ನಿಮ್ಮ ಹೆಸರಿನ ಖಾತೆ ತೆರೆಯಿರಿ. ಆ ಖಾತೆಗೆ ಡೊಮೇನ್ ದಾಟಿಸಲು ಅವನಿಗೆ ಲಿಖಿತದಲ್ಲಿ ಕೇಳಿ. ಬೇರೆ ಕಂಪನಿಗೆ ಒಯ್ಯುವುದಾದರೆ ವರ್ಗಾವಣೆ ಕೋಡ್ ಕೊಡಲು ಹೇಳಿ. ಬೈಯಬೇಡಿ. ಊರಿನಲ್ಲಿ ಇಬ್ಬರಿಗೂ ಗೊತ್ತಿರುವ ಹಿರಿಯರೊಬ್ಬರ ಮೂಲಕ ಕೇಳಿಸಿದರೆ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಅವನು ಒಪ್ಪದಿದ್ದರೆ ಹೊಸ ಡೊಮೇನನ್ನು ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರ್ ಹಾಕಿ ಕೊಳ್ಳಿ. ಹೊಸ ವಿಳಾಸವನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ, ಈ ಸೀಸನ್ನಿನ ಪ್ರತಿ ಭರಣಿಗೂ ಅಂಟಿಸಿ.

ರಾಣೆಬೆನ್ನೂರಿನ ತಮ್ಮಾ, ಈ ಪತ್ರವನ್ನು ನೀವೂ ಓದಿದಿರಲ್ಲ? ನಿಮ್ಮ ಮುಂದಿನ ಗಿರಾಕಿಯ ಡೊಮೇನನ್ನು ಅವರ ಎದುರಿಗೇ ಕೂತು, ಅವರ ಹೆಸರಲ್ಲೇ ಕೊಡಿಸಿ.